ಪದಚರ್ಚೆ: ಚೈನ್‌ಸಾ ‘ಕೈ ಕೊಟ್ಟಿತು’ ಅಂದರೆ ಏನೇನು?

ಪ್ರಶ್ನೆ, ಬೆಳಗಾವಿಯಿಂದ

ಎಲ್ಲರಿಗೂ ನಮಸ್ಕಾರ. ಉರುವಲು ಕಟ್ಟಿಗೆಗೆ ಬಳಸುವ ಪೆಟ್ರೋಲ್ ಚೈನ್‌ಸಾ (ಸರಪಳಿ ಗರಗಸ) ಜೊತೆ ಕೊಡಲು ಒಂದು ಹಾಳೆಯ ಕನ್ನಡ ಸೂಚನೆ ತಯಾರಾಗುತ್ತಿದೆ. ಓದುವವರು ಖಾನಾಪುರದಿಂದ ಇಂಡಿಯವರೆಗಿನ ರೈತರು, ಕಟಿಗಿ ಅಡ್ಡಾದವರು, ಬೆಲ್ಲದ ಗಾಣದವರು. ಕರಡಿನಲ್ಲಿ ‘ಯಂತ್ರದ ವಿಶ್ವಾಸಾರ್ಹತೆ’, ‘ಕಾರ್ಯಕ್ಷಮತೆ’ ಎಂಬ ಎರಡು ಪದ ಸಾಲುಸಾಲಿಗೂ ಬಂದಿವೆ. ವಿಶ್ವಾಸಾರ್ಹತೆ ಎಂದು ಓದಿದರೆ ಬ್ಯಾಂಕಿನ ಸಾಲದ ಅರ್ಜಿ ನೆನಪಾಗುತ್ತದೆಯೇ ಹೊರತು ಗರಗಸವಲ್ಲ.

ಕೇಳುವುದು ಮೂರು. ವಿಶ್ವಾಸಾರ್ಹತೆಯ ಜಾಗದಲ್ಲಿ ‘ಬಾಳಿಕೆ’ ಎಂದರೆ ಸಾಕೇ? ಈ ಯಂತ್ರ ಮರವನ್ನು ಕಡಿಯುತ್ತದೋ, ಕೊಯ್ಯುತ್ತದೋ, ಕೊರೆಯುತ್ತದೋ? ಕರಡಿನಲ್ಲಿ ಮೂರನ್ನೂ ಬೆರೆಸಿ ಬರೆದಿದೆ. ಕೊನೆಯದು, ‘50:1ರಂತೆ ಆಯಿಲ್ ಹಾಕಿ’ ಎಂಬುದನ್ನು ತಪ್ಪು ತಿಳಿಯದ ಹಾಗೆ ಬರೆಯುವುದು ಹೇಗೆ?

ಉತ್ತರ, ಗೋಕಾಕದಿಂದ

ನಮಸ್ಕಾರ್ರೀ. ಕೊನೀ ಪ್ರಶ್ನೆ ಮೊದಲ ತಗೋತೀನಿ, ಯಾಕಂದ್ರ ಮಷಿನ್ ಸಾಯೂದು ಅಲ್ಲೇ. 50:1 ಅಂದ್ರ ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು 2ಟಿ ಆಯಿಲ್ (ಟೂ-ಸ್ಟ್ರೋಕ್ ಇಂಜಿನ್ನಿನ ಎಣ್ಣಿ). ಲೆಕ್ಕ ಹಾಕಿದ್ರ ಲೀಟರಿಗೆ 20 ಮಿ.ಲೀ. ಆದ್ರ ಕಿವ್ಯಾಗ ಉಳಿಯೂದು ‘ಐವತ್ತು’. ಲೀಟರಿಗೆ 50 ಮಿ.ಲೀ. ಹಾಕಿದ್ರ ಅದು 20:1 ಆತು. ಹೊಗಿ ಎದ್ದು, ಪ್ಲಗ್ ಕರೀ ಮಸಿ ಹಿಡದು, ಸೈಲೆನ್ಸರಿನ ಜಾಳಿಗಿ ಕಟ್ಟತೈತಿ. ಕಡಿಮಿ ಹಾಕೂದಂತೂ ಇನ್ನೂ ಕೆಟ್ಟ. ಟೂ-ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲಿನ ಕೂಡ ಬರೂ ಎಣ್ಣಿ ಬಿಟ್ರ ಬ್ಯಾರೆ ಎಣ್ಣಿ ಇಲ್ಲ. ಬರೇ ಪೆಟ್ರೋಲ್ ಹಾಕಿ ಓಡಿಸಿದ್ರ ಪಿಸ್ಟನ್ನಿಗೆ ಗೀರು ಬಿದ್ದು ಕೆಲವೇ ನಿಮಿಷದಾಗ ಸೀಜ್. ಕೆಲವು ಹಗುರ ಬೆಲಿ ಮಷಿನ್ದ ಪುಸ್ತಕದಾಗ 25:1 ಅಂತ ಇರತೈತಿ, ಅಂದ್ರ ಲೀಟರಿಗೆ 40. ಹಿಂಗಾಗಿ ಎರಡು ಚುಕ್ಕಿ ಅನುಪಾತ ಹಾಳ್ಯಾಗ ಬರೀಲೇಬ್ಯಾಡ್ರಿ. ‘1 ಲೀಟರ್ ಪೆಟ್ರೋಲಿಗೆ 20 ಮಿ.ಲೀ.’ ಅಂತ ನೇರ ಬರೀರಿ. 40 ಬೇಕಾದ ಮಷಿನ್ನಿಗೆ ಬ್ಯಾರೆ ಹಾಳಿ. ಅಳ್ಯಾಕ ಸೂಜಿ ಇಲ್ಲದ 20 ಮಿ.ಲೀ. ಸಿರಿಂಜ್ ಸಾಕು, ದನದ ಔಷಧದ ಅಂಗಡ್ಯಾಗ ಸಿಗತೈತಿ.

‘ಆಯಿಲ್’ ಅನ್ನೂ ಶಬ್ದನೂ ಒಂದs ಇಡಬ್ಯಾಡ್ರಿ. ಮಷಿನ್ನಿಗೆ ಟಾಕಿ ಎರಡು. ಒಂದಕ್ಕ 2ಟಿ ಬೆರೆಸಿದ ಪೆಟ್ರೋಲ್, ಇನ್ನೊಂದಕ್ಕ ಚೈನಿಗೆ ಹಚ್ಚೂ ಎಣ್ಣಿ. ‘ಆಯಿಲ್ ತುಂಬಿಸಿ’ ಅಂತ ಬರೆದ್ರ ಯಾವ ಬೂಚಿನ್ಯಾಗ ಯಾವ ಎಣ್ಣಿ ಬೀಳತೈತಿ ಹೇಳಾಕ ಆಗೂದಿಲ್ಲ. ‘ಬೆರೆಸುವ ಎಣ್ಣೆ’, ‘ಚೈನ್ ಎಣ್ಣೆ’ ಅಂತ ಎರಡು ಹೆಸರು ಇಟ್ಟು ಕೊನೀತನಕ ಅವನ್ನೇ ಬಳಸ್ರಿ. ಚೈನಿಗೆ ಸುಟ್ಟ ಆಯಿಲ್ ಹಾಕೂ ರೂಢಿ ಐತಿ. ಅದರಾಗ ಕಬ್ಬಿಣದ ಸಣ್ಣ ಪುಡಿ ಇರತೈತಿ. ಎಣ್ಣಿ ಪಂಪೂ ಬಾರೂ (ಚೈನ್ ಸುತ್ತೂ ಉದ್ದನ ಪಟ್ಟಿ) ಎರಡೂ ಸವೀತಾವ. ಎಣ್ಣಿ ಬರತೈತೋ ಇಲ್ಲೋ ನೋಡಾಕ ಬಾರಿನ ಮೂತಿ ಒಂದು ಒಣ ಕೊರಡಿಗೆ ಗೇಣು ದೂರ ಹಿಡದು ರೇಸ್ ಕೊಡ್ರಿ, ಕೊರಡಿನ ಮ್ಯಾಲೆ ಸಣ್ಣ ಎಣ್ಣಿ ಗೆರಿ ಬೀಳಬೇಕು. ಪೆಟ್ರೋಲ್ ಟಾಕಿ ಖಾಲಿ ಆಗೂದ್ರಾಗ ಚೈನ್ ಎಣ್ಣಿನೂ ಮುಗೀಲಿಕ್ಕೆ ಬಂದಿರಬೇಕು. ತುಂಬಿದ ಹಂಗs ಇದ್ರ ಬಾರಿನ ತೂತಿನ್ಯಾಗ ಹೊಟ್ಟು ಕಟ್ಟೈತಿ, ಬಾರ್ ಬಿಚ್ಚಿ ತಂತಿ ಹಾಕಿ ತಗೀಬೇಕು.

ಇನ್ನ ‘ವಿಶ್ವಾಸಾರ್ಹತೆ’. ನಮ್ಮ ಮಂದಿ ಬಾಯಾಗ ಇರೂದು ಒಂದs ಮಾತು: ‘ಮಷಿನ್ ಕೈ ಕೊಟ್ಟಿತು’. ತೊಡಕು ಏನಂದ್ರ ಮೂರು ಬ್ಯಾರೆ ಬ್ಯಾರೆ ರೋಗಕ್ಕ ಈ ಒಂದs ಮಾತು. ಚಾಲೂ ಆಗಲಿಲ್ಲ, ಕೈ ಕೊಟ್ಟಿತು. ಚಾಲೂ ಆತು, ಏರವಲ್ತು, ಕೈ ಕೊಟ್ಟಿತು. ಚಂದ ಏರತೈತಿ, ಕಟಿಗಿ ಕಚ್ಚವಲ್ತು, ಆಗೂ ಕೈ ಕೊಟ್ಟಿತು. ಮೊದಲನೇದು ಪ್ಲಗ್, ಪೆಟ್ರೋಲಿಂದು. ಎರಡನೇದು ಗಾಳಿ, ಫಿಲ್ಟರಿಂದು. ಮೂರನೇದು ಬರೇ ಚೈನಿಂದು, ಇಂಜಿನ್ನಿಗೆ ಸಂಬಂಧs ಇಲ್ಲ. ಕಾರ್ಬೊರೇಟರ್ ಬಿಚ್ಚಿ ದುಡ್ಡು ಕಳಕೊಳ್ಳೂ ಮಂದ್ಯಾಗ ಬಹಳಷ್ಟು ಮಂದಿಗೆ ಬೇಕಾಗಿದ್ದು ಒಂದು ಕಾನಸ (ಹಲ್ಲು ಮಸಿಯೂ ಅರ). ನಿಮ್ಮ ಹಾಳಿ ಈ ಮೂರನ್ನ ಬ್ಯಾರೆ ಮಾಡಿ ಹೇಳಿದ್ರ ಸಾಕು.

ಚಾಲೂ ಆಗದ ಮಷಿನ್: ತಣ್ಣಗಿದ್ದಾಗ ಚೋಕ್ ಹಾಕಿ ಹಗ್ಗ ಜಗ್ಗಬೇಕು. ಒಮ್ಮೆ ‘ಬುಸ್’ ಅಂತ ದಮ್ ಬಿಟ್ಟ ಕೂಡಲೆ ಚೋಕ್ ತಗದು ಮತ್ತ ಜಗ್ಗಬೇಕು. ಆ ಬುಸ್ ಕೇಳಲಾರದ ಹತ್ತಿಪ್ಪತ್ತು ಸಲ ಚೋಕಿನ್ಯಾಗs ಜಗ್ಗಿದ್ರ ಪೆಟ್ರೋಲ್ ಒಳಗ ತುಂಬಿ ಪ್ಲಗ್ ತೊಯ್ದು ಹೋಗತೈತಿ. ಆಗ ಸ್ವಿಚ್ ಬಂದ್ ಮಾಡಿ, ಪ್ಲಗ್ ಬಿಚ್ಚಿ ಒರಸಿ, ಪ್ಲಗ್ ಇಲ್ಲದ ಏಳೆಂಟು ಸಲ ಹಗ್ಗ ಜಗ್ಗಿ ಒಳಗಿನ ಪೆಟ್ರೋಲ್ ಹೊರಗ ಹಾಕಬೇಕು. ಪ್ಲಗ್ಗಿನ ಸಂದು 0.5 ಮಿ.ಮೀ. ಇನ್ನೊಂದು ಕಾರಣ ಹಳೇ ಪೆಟ್ರೋಲ್. ಈಗಿನ ಪೆಟ್ರೋಲಿನ್ಯಾಗ 20% ತನಕ ಎಥೆನಾಲ್ ಇರತೈತಿ (ನಮ್ಮ ಕಬ್ಬಿಂದs ಬಂದಿದ್ದೂ ಅದರಾಗ ಐತಿ, ಅದು ಬ್ಯಾರೆ ಮಾತು). ಅದು ಹವಾದಾಗಿನ ನೀರು ಹೀರತೈತಿ, ಕಾರ್ಬೊರೇಟರಿನ ರಬ್ಬರ್ ಪರದೆ ಬಿರುಸು ಮಾಡತೈತಿ. ಬೆರೆಸಿದ ಪೆಟ್ರೋಲ್ ಒಂದು ತಿಂಗಳ ಮ್ಯಾಲೆ ಇಡಬ್ಯಾಡ್ರಿ. ಹಂಗಾಮು ಮುಗದ ಮ್ಯಾಲೆ ಟಾಕಿ ಖಾಲಿ ಮಾಡಿ, ತಾನs ಬಂದ್ ಆಗೂತನಕ ಓಡಿಸಿ ಇಡಬೇಕು.

ಉತ್ತರ, ವಿಜಯಪುರದಿಂದ

ಮೇಲಿನವರು ರೋಗಗಳನ್ನು ವಿಂಗಡಿಸಿಕೊಟ್ಟದ್ದರಿಂದ ಪದಗಳ ಕೆಲಸ ಹಗುರವಾಯಿತು. ಬಾಳಿಕೆಗೂ ನೀವು ಕೇಳುವುದಕ್ಕೂ ಅಂತರವಿದೆ. ಬಾಳಿಕೆ ಎಷ್ಟು ವರ್ಷ ಬರುತ್ತದೆ ಎಂಬುದರ ಮಾತು: ಚಾದರ ಬಾಳಿಕೆ ಬರುತ್ತದೆ, ಬಾಗಿಲು ಬಾಳಿಕೆ ಬರುತ್ತದೆ. ಹತ್ತು ವರ್ಷ ಬಾಳಿದ ಯಂತ್ರವೂ ಬೆಳಿಗ್ಗೆ ಬೇಕಾದ ಹೊತ್ತಿಗೆ ಸತಾಯಿಸಬಹುದು. ಎರಡನೆಯದಕ್ಕೆ ‘ನೆಚ್ಚು’ ಎಂಬ ಕ್ರಿಯಾಪದ ನಮ್ಮಲ್ಲಿ ಈಗಲೂ ಜೀವಂತ. ‘ಮಳಿ ನೆಚ್ಚಿ ಬಿತ್ತಿದ’ ಎನ್ನುತ್ತೇವೆ. ‘ನೆಚ್ಚಿಕೆ’ ಎಂದು ನಾಮಪದ ಮಾಡಬಹುದು. ಆದರೂ ಒಂದು ಹಾಳೆಯ ಸೂಚನೆಗೆ ನಾಮಪದವೇ ಬೇಡವೆಂದು ತೋರುತ್ತದೆ. ‘ಕೈ ಕೊಡದಂತೆ ಇಟ್ಟುಕೊಳ್ಳುವುದು ಹೇಗೆ’ ಎಂದು ಶೀರ್ಷಿಕೆ ಕೊಟ್ಟರೆ ಮುಗಿಯಿತು.

ಕ್ರಿಯಾಪದದ ಪ್ರಶ್ನೆಗೆ ಹೊಲದಲ್ಲೇ ಉತ್ತರ ಇದೆ. ಕಬ್ಬು ಕಡಿಯುತ್ತೇವೆ, ಜೋಳ ಕೊಯ್ಯುತ್ತೇವೆ. ಎತ್ತಿ ಹೊಡೆದು ತುಂಡರಿಸಿದರೆ ಕಡಿ, ಹಲ್ಲನ್ನು ಎಳೆದು ತುಂಡರಿಸಿದರೆ ಕೊಯ್ಯಿ. ಕೊಡಲಿ ಕಡಿಯುತ್ತದೆ, ಕುಡಗೋಲೂ ಗರಗಸವೂ ಕೊಯ್ಯುತ್ತವೆ. ಕೊರೆಯುವುದು ತೂತಿನ ಕಡೆಗೆ ವಾಲುವ ಮಾತು, ಬಾವಿ ಕೊರೆಸುವ ಜಿಲ್ಲೆಗಳಲ್ಲಿ ಅದನ್ನು ಬಿಡುವುದೇ ಲೇಸು. ಉದ್ದಕ್ಕೆ ಸೀಳಿದರೆ ಒಡೆ (ಕಟಿಗಿ ಒಡಿ), ಸಣ್ಣ ಟೊಂಗೆ ತೆಗೆದರೆ ಸವರು. ಚೈನ್‌ಸಾಗೆ ‘ಕೊಯ್ಯಿ’ ಒಂದೇ ಸರಿ.

ಇದು ಬರೀ ಶುದ್ಧಾಶುದ್ಧದ ಚರ್ಚೆಯಲ್ಲ. ‘ಮರ ಕಡಿಯಿರಿ’ ಎಂದು ಓದಿದ ಕೈ ಕೊಡಲಿಯ ರೂಢಿಯಲ್ಲಿ ಯಂತ್ರದ ಮೂತಿಯನ್ನು ಮುಂದು ಮಾಡಿ ಚುಚ್ಚಲು ಹೋಗುತ್ತದೆ. ಬಾರಿನ ಮೂತಿಯ ಮೇಲಿನ ಕಾಲು ಭಾಗ ಕಟ್ಟಿಗೆಗೆ ತಗಲಿದರೆ ಹಲ್ಲು ಕಚ್ಚಿಕೊಂಡು ಯಂತ್ರವೇ ಮೇಲಕ್ಕೆ ಎದ್ದು ಮುಖದ ಕಡೆ ತಿರುಗುತ್ತದೆ, ಕಣ್ಣು ಮಿಟುಕಿಸುವಷ್ಟೂ ಹೊತ್ತು ಇರುವುದಿಲ್ಲ. ಕರಡಿನಲ್ಲಿ ಇದಕ್ಕೆ ‘ಹಿಮ್ಮುಖ ಪ್ರತಿಕ್ರಿಯೆ’ ಎಂದಿದ್ದರೆ ದಯವಿಟ್ಟು ತೆಗೆಯಿರಿ. ‘ಒದೆ’ ಸಾಕು. ಒದೆಯುವ ಎಮ್ಮೆಯ ಹಿಂದೆ ನಿಲ್ಲಬಾರದೆಂದು ಎಲ್ಲರಿಗೂ ಗೊತ್ತು. ಒದೆಯುವ ಯಂತ್ರದ ನೇರಕ್ಕೂ ತಲೆ ಇಡಬಾರದು. ಬಾರಿನ ನೇರದಿಂದ ಪಕ್ಕಕ್ಕೆ ನಿಂತು, ಇಂಜಿನ್ ಬದಿಯ ಮುಳ್ಳುಗಳನ್ನು ಕೊರಡಿಗೆ ಊರಿ, ಪೂರ್ತಿ ರೇಸಿನಲ್ಲಿ ಬಾರಿನ ಬುಡದಿಂದಲೇ ಕೊಯ್ಯಲು ಶುರು ಮಾಡಬೇಕು.

ಗರಗಸ ಎಂಬ ಪದದ ಬಗ್ಗೆ ಒಂದು ಮಾತು, ಹಾಳೆಗೆ ಬೇಕಾಗಿ ಅಲ್ಲ. ಅಮರಕೋಶದಲ್ಲಿ ಗರಗಸಕ್ಕೆ ಕ್ರಕಚ, ಕರಪತ್ರ ಎಂಬ ಎರಡು ಹೆಸರಿವೆ. ಮೊದಲನೆಯದು ನಮ್ಮ ಕರಗಸ, ಗರಗಸ ಆಯಿತು. ಎರಡನೆಯದು ಮರಾಠಿಯ ಕರವತ ಆಗಿ ಬೆಳಗಾವಿ ಬಡಿಗೇರರ ಬಾಯಲ್ಲಿದೆ. ಅದೇ ಕರಪತ್ರ ಕನ್ನಡದಲ್ಲಿ ಈಗ ಚುನಾವಣೆಯಲ್ಲಿ ಹಂಚುವ ಕಾಗದ! ಚೈನ್‌ಸಾಗೆ ‘ಸರಪಳಿ ಗರಗಸ’ ಎಂಬ ಅನುವಾದ ಸರಿ ಇದೆ, ಆದರೆ ಅಂಗಡಿಯಲ್ಲಿ ಕೇಳಿದರೆ ಯಾರೂ ತೆಗೆದುಕೊಡುವುದಿಲ್ಲ. ಹಾಳೆಯಲ್ಲಿ ಚೈನ್‌ಸಾ ಎಂದೇ ಇರಲಿ.

ಉತ್ತರ, ಜಮಖಂಡಿಯಿಂದ

ವಿಜಯಪುರದ ಸರ್ ಹೇಳಿದ್ದು ಒಪ್ಪಿದೆ, ಒಂದು ತಿದ್ದುಪಡಿ ಐತಿ. ಗರಗಸ ಕೊಯ್ಯತೈತಿ ಖರೆ, ಆದ್ರ ಈಗಿನ ಚೈನಿನ ಹಲ್ಲು ಗರಗಸದ ಹಲ್ಲಿನಂಗ ಗೀರೂದಿಲ್ಲ, ಬಡಿಗ್ಯಾನ ಉಜ್ಜುಗೊರಡಿನಂಗ ಕೆತ್ತಿ ಚಕ್ಕಿ ಎಬ್ಬಸತೈತಿ. ಅಮೆರಿಕದ ಮರ ಕಡಿಯೂ ಕೆಲಸಗಾರ ಜೋಸೆಫ್ ಕಾಕ್ಸ್ ಅನ್ನಾಂವ 1946ರಾಗ ಬೊಡ್ಡ್ಯಾಗ ಕಟಿಗಿ ತಿನ್ನೂ ಹುಳದ ಮರಿ ನೋಡಿದ. ಅದು ಎಡಕ್ಕೂ ಬಲಕ್ಕೂ ತಿರುಗಿ, ಕಟಿಗಿ ಗೆರಿ ಉದ್ದಕ್ಕೂ ಅಡ್ಡಕ್ಕೂ ಸರಾಗ ತಿನ್ನತಿತ್ತು. ಅದರ ದವಡಿ ನೋಡಿ ಎಡಕ್ಕೊಂದು ಬಲಕ್ಕೊಂದು ಹಲ್ಲು ಇರೂ ಚೈನ್ ಮಾಡಿ 1947ರಾಗ ಮಾರಾಕ ಹತ್ತಿದ. ಇವತ್ತಿನ ಚೈನೂ ಅದೇ ಮಾದರೀದು. ಕ್ರಿಯಾಪದ ‘ಕೊಯ್ಯಿ’ ಇರಲಿ, ಆದ್ರ ಚಂದ ಕೊಯ್ಯಾಕ ಹತ್ತೈತೋ ಇಲ್ಲೋ ತಿಳಿಯೂದು ಬೀಳೂ ಚೂರಿನಿಂದ. ಗಿರಣಿ ಮಾತಿನ್ಯಾಗ ಹೇಳೂದಾದ್ರ ರವೆ ಬೀಳಬೇಕು, ಹಿಟ್ಟು ಬೀಳಬಾರದು. ಹಿಟ್ಟು ಬಿದ್ರ ಚೈನ್ ಮೊಂಡ. ಮಷಿನ್ ಒತ್ತಿ ಕೊಯ್ಯೂದು ಬಂದ್ರೂ ಮೊಂಡ. ಕೊಯ್ತ ಒಂದು ಕಡೆ ಸೊಟ್ಟ ಹೋದ್ರ ಎಡದ ಹಲ್ಲಿಗೂ ಬಲದ ಹಲ್ಲಿಗೂ ಉದ್ದ ಸಮ ಇಲ್ಲ.

‘ಹರಿತಗೊಳಿಸಿ’ ಅಂತ ಕರಡಿನ್ಯಾಗ ಇದ್ರ ‘ಮಸೆ’ ಅನ್ರಿ. ‘ಕಕ್ಕು ಹಾಕು’ ಅನ್ನಬ್ಯಾಡ್ರಿ, ಅದು ಬೀಸುಕಲ್ಲು ಕುಡಗೋಲಿನ ಮಾತು. ಅಲ್ಲಿ ಹೊಸಾ ಹಲ್ಲು ಎಬ್ಬಸ್ತೀವಿ, ಇಲ್ಲಿ ಇದ್ದ ಹಲ್ಲು ಮಸೀತೀವಿ. ಸಾಮಾನಿಗೆ ‘ಅರ’ ಅಂತನೂ ‘ಕಾನಸ’ ಅಂತನೂ ಎರಡೂ ಬರೀರಿ. ಗುಂಡಗಿನ ಕಾನಸs ಬೇಕು, ಅದರ ದಪ್ಪ ಚೈನಿನ ಮ್ಯಾಲೆ ನಿಂತೈತಿ. ಸಾಲಾಗಿ ಮೂರು ರಿವೀಟ್ ಹಿಡದು ಮೊದಲನೇದರಿಂದ ಮೂರನೇದಕ್ಕ ಅಳೀರಿ. 16.5 ಮಿ.ಮೀ. ಬಂದ್ರ .325 ಚೈನು (ಅಳತೀ ಅರ್ಧ, ಇಂಚಿನ್ಯಾಗ), ಕಾನಸ 4.8 ಮಿ.ಮೀ. 22 ಇಂಚಿನ ಬಾರ್ ಇರೂ 58 ಸಿ.ಸಿ. ಮಷಿನ್ದಾಗ ಹೆಚ್ಚಾಗಿ ಇದೇ ಇರತೈತಿ. ಸುಮಾರು 19 ಬಂದ್ರ ಮೂರೆಂಟಾಂಶದ (3/8) ಚೈನು. ಅದರಾಗ ಸಣ್ಣ ಮಷಿನ್ದ ಗಿಡ್ಡ ಹಲ್ಲಿನದಕ್ಕ 4.0, ದೊಡ್ಡದಕ್ಕ 5.2 ಅಥವಾ 5.5. ಹಲ್ಲಿನ ಮ್ಯಾಲೆ 30 ಡಿಗ್ರಿ ಗೆರಿ ಇರತೈತಿ, ಅದಕ್ಕ ಹೊಂದಿಸಿ ಒಳಗಿಂದ ಹೊರಗ ಅಷ್ಟs ಒತ್ತಬೇಕು. ವಾಪಸ್ ತರೂವಾಗ ಎತ್ತಬೇಕು. ಎಲ್ಲಾ ಹಲ್ಲಿಗೂ ಸಮ: ಒಂದಕ್ಕ ಮೂರು ಏಟಾದ್ರ ಎಲ್ಲಾದಕ್ಕೂ ಮೂರು. ಮೊದಲ ಒಂದು ಕಡೇವು ಮುಗಿಸಿ ಆಮ್ಯಾಲೆ ಇನ್ನೊಂದು ಕಡೇವು.

ಹಲ್ಲಿನ ಮುಂದ ಒಂದು ಗಿಡ್ಡ ಎತ್ತರ ಇರತೈತಲ್ಲ, ಅದಕ್ಕ ಕರಡಿನ್ಯಾಗ ಏನು ಅಂದೀರಿ ನೋಡ್ರಿ. ನಾನಂತೂ ‘ಡುಬ್ಬ’ ಅಂತೀನಿ. ಹಲ್ಲು ಎಷ್ಟು ಆಳ ಕಚ್ಚಬೇಕು ಅನ್ನೂದು ಡುಬ್ಬದ ಕೈಯಾಗ. ಹಲ್ಲಿನಕಿಂತ 0.65 ಮಿ.ಮೀ. ತಗ್ಗಿರಬೇಕು. ಮಸೀತ ಮಸೀತ ಹಲ್ಲು ಇಳೀತೈತಿ, ಡುಬ್ಬ ಹಂಗs ಉಳೀತೈತಿ. ಆಗ ಹಲ್ಲು ಎಷ್ಟು ಚೂಪಿದ್ರೂ ಹಿಟ್ಟs ಬೀಳೂದು. ನಾಕೈದು ಸಲ ಮಸದ ಮ್ಯಾಲೆ ಚಪ್ಪಟಿ ಕಾನಸದಿಂದ ಡುಬ್ಬ ಇಳಿಸಬೇಕು. ಆಶಾ ಮಾಡಿ ಹೆಚ್ಚಿಗಿ ಇಳಿಸಿದ್ರ ಹಲ್ಲು ತಿನ್ನಾಕ ಆಗದಷ್ಟು ಕಚ್ಚಿ ಮಷಿನ್ ಜಗ್ಗಾಡತೈತಿ, ಒದೀನೂ ಒದೀತೈತಿ.

ಇನ್ನ ನಮ್ಮ ಕಡೆ ಕಟಿಗೀದು. ಒಣ ಬಳ್ಳಾರಿ ಜಾಲಿ ಬಿರುಸು ಅನ್ನೂದು ಖರೆ, ಆದ್ರ ಚೈನ್ ಕೊಲ್ಲೂದು ಕಟಿಗಿ ಅಲ್ಲ, ತೊಗಟ್ಯಾಗ ಒಣಗಿ ಕುಂತ ಮಣ್ಣು. ಬುಡದ ಮಣ್ಣು ಕೊಡಲಿಲೆ ಕೆತ್ತಿ ಕೊಯ್ಯಬೇಕು. ನೆಲದ ಮ್ಯಾಲಿನ ಕೊರಡು ಮುಕ್ಕಾಲು ಕೊಯ್ದು, ಹೊಳ್ಳಿಸಿ, ಉಳಿದ ಪಾಲು ಮ್ಯಾಲಿಂದ ಕೊಯ್ಯಬೇಕು. ಒಂದು ಸಲ ಮೂತಿ ನೆಲಕ್ಕ ಮುಟ್ಟಿದ್ರ ಮಸದದ್ದೆಲ್ಲಾ ಹೋತು.

ಪ್ರಶ್ನೆ ಕೇಳಿದವರಿಂದ

‘ಡುಬ್ಬ’ ಬಂತು, ಕರಡಿನ ‘ಆಳಮಾಪಕ’ ಹೋಯಿತು. ತಿದ್ದಿದ ಸಾಲುಗಳು ಹೀಗಿವೆ, ಒರಟಾಗಿದ್ದರೆ ಹೇಳಿ:

ರೇಸ್ ಏರುತ್ತಿದೆ, ಆದರೆ ಹಿಟ್ಟು ಬೀಳುತ್ತಿದೆ: ಚೈನ್ ಮಸೆಯಿರಿ. ಮಸೆದರೂ ಹಿಟ್ಟೇ ಬಿದ್ದರೆ ಡುಬ್ಬ ನೋಡಿ.

ರೇಸ್ ಏರುತ್ತಿಲ್ಲ: ಏರ್ ಫಿಲ್ಟರ್ ಬಿಚ್ಚಿ ಹೊಟ್ಟು ಕೊಡವಿ, ಸೈಲೆನ್ಸರಿನ ಜಾಳಿಗೆ ನೋಡಿ.

ಚೈನ್ ಬಿಗಿ ಮಾಡಿದ ಮೇಲೆ ಕೈಯಿಂದ ಎಳೆದರೆ ಸರಾಗ ತಿರುಗಬೇಕು, ಬಾರಿನ ಕೆಳಗೆ ಜೋತು ಬೀಳಬಾರದು.

ಬಾರ್ ಕೊಯ್ತದಲ್ಲಿ ಸಿಕ್ಕಿಬಿದ್ದರೆ ಎಳೆದಾಡಬೇಡಿ: ಇಂಜಿನ್ ಬಂದ್ ಮಾಡಿ, ಬೆಣೆ ಬಡಿದು ಬಿಡಿಸಿ.

ಉತ್ತರ, ಗೋಕಾಕದಿಂದ

ಒರಟೇನಿಲ್ರಿ, ಚಲೋ ಆಗೈತಿ. ಮೂರನೇ ಸಾಲಿಗೆ ಎರಡು ಮಾತು ಸೇರಸ್ರಿ. ಚೈನ್ ಕಾದಾಗ ಉದ್ದಾಗತೈತಿ, ತಣ್ಣಗಾದಾಗ ಕುಗ್ಗತೈತಿ. ಕೆಲಸದ ನಡುವ ಬಿಗಿ ಮಾಡಿದ್ದನ್ನ ಕೆಲಸ ಮುಗದ ಮ್ಯಾಲೆ ಸಡ್ಲ ಮಾಡಿ ಇಡಬೇಕು, ಇಲ್ಲಂದ್ರ ರಾತ್ರಿ ಕುಗ್ಗಿ ಬಾರಿನ ಮೂತಿ, ಕ್ಲಚ್ಚಿನ ಬೇರಿಂಗ್ ಎರಡನ್ನೂ ಜಗ್ಗತೈತಿ. ಮತ್ತ ಚೈನ್ ಮುಟ್ಟೂ ಎಲ್ಲಾ ಸಾಲಿನ ಮುಂದ ‘ಸ್ವಿಚ್ ಬಂದ್ ಮಾಡಿ, ದಪ್ಪ ಕೈಗವಸು ಹಾಕಿಕೊಂಡು’ ಅಂತ ಬರೀರಿ. ಮಸದ ಹಲ್ಲು ನಿಂತಿದ್ರೂ ಕೊಯ್ಯತೈತಿ.