ಕಲಬುರಗಿ ಬಿಸಿಲಿಗಿ ದಿನಾ ಹಿಡ್ಕೊಂಡು ಓಡಾಡಲಿಕ್ಕ ಯಾವ ದುಬಾರಿ ಹ್ಯಾಂಡ್‌ಬ್ಯಾಗ್ ತಾಳ್ತದ?

ಆಳಂದ_ರಸ್ತೆ:
ಎಲ್ಲರಿಗೂ ನಮಸ್ಕಾರ್ರಿ. ಕಲಬುರಗಿಯಿಂದ ಕಡಗಂಚಿಗಿ ವಾರದಾಗ ಐದು ದಿನ ಬಸ್ಸಿನಾಗ ಹೋಗಿ ಬರೋದದ. ಬ್ಯಾಗಿನಾಗ 13 ಇಂಚಿನ ಲ್ಯಾಪ್‌ಟಾಪ್, ಬುತ್ತಿ ಡಬ್ಬಿ, ಒಂದು ಲೀಟರ್ ಸ್ಟೀಲ್ ಬಾಟ್ಲಿ, ಛತ್ರಿ, ಪರ್ಸು, ಚಾವಿ ಇರ್ತಾವ. ಉಡೋದು ಹೆಚ್ಚಾಗಿ ಸೀರಿನೇ. ಬಜೆಟ್ ಎರಡು ಲಕ್ಷದ ಆಸುಪಾಸು, ಒಮ್ಮೆ ತಗೊಂಡ್ರ ಹತ್ತು ವರ್ಷ ಬರಬೇಕು. ಲೂಯಿ ವಿಟಾನ್ ಕಂಪನಿದು ನೆವರ್‌ಫುಲ್ ಅನ್ನೋ ಭುಜದ ಬ್ಯಾಗು, ಎಂಎಂ ಅಂದ್ರ ನಡು ಸೈಜು, ಮನಸ್ಸಿನಾಗ ಅದ. ಆದ್ರ ಮೊನೊಗ್ರಾಮ್ (ಕಂಪನಿ ಅಕ್ಷರ, ಹೂವಿನ ಚಿತ್ತಾರದ್ದು) ತಗೋಬೇಕೋ ಡಾಮಿಯೆ (ಚೌಕಳಿದು) ತಗೋಬೇಕೋ ತಿಳೀವಲ್ದು. ಪ್ರಾಡಾದ ಸಫಿಯಾನೊ ಚರ್ಮದ್ದು ಗಟ್ಟಿ ಅಂತ ಕೆಲವರು ಅಂತಾರ. ಮೇ ತಿಂಗಳ ಬಿಸಿಲು, ಧೂಳು, ಮಳಿಗಾಲದ ಎರಿ ಕೆಸರು, ಇವೆಲ್ಲಾಕ ಯಾವುದು ತಾಳ್ತದ ಹೇಳ್ರಿ. ಸೆಕೆಂಡ್ ಹ್ಯಾಂಡ್ ಆದ್ರೂ ನಡೀತದ.

ತೊಗಲಿನ_ಕೆಲಸ:
ಅಕ್ಕಾರೆ, ಹೆಸರು ಆಮ್ಯಾಲ, ಮೊದಲ ತೂಕ ನೋಡ್ರಿ. ಲ್ಯಾಪ್‌ಟಾಪ್ 1.3 ಕೆ.ಜಿ., ನೀರು ತುಂಬಿದ ಸ್ಟೀಲ್ ಬಾಟ್ಲಿನೂ ಅಷ್ಟೇ ತೂಕ, ಬುತ್ತಿ ಮುಕ್ಕಾಲು ಕೆ.ಜಿ., ಉಳಿದದ್ದು ಅರ್ಧ. ಹತ್ರ ಹತ್ರ ನಾಕು ಕೆ.ಜಿ. ಆಯ್ತು. ಎರಡು ಲಕ್ಷದ ಬ್ಯಾಗಾದ್ರೂ ದಿನಾ ನಾಕು ಕೆ.ಜಿ. ಹೊತ್ರ ಮೊದಲ ಸೋಲೋದು ಪಟ್ಟಿ ಕೂಡೋ ಜಾಗ. ಅಲ್ಲಿ ತೂತು ಹಿಗ್ಗಿ ಉದ್ದ ಆಗ್ತದ, ಅಂಚಿನ ಬಣ್ಣ ಬಿರೀತದ, ಆಮ್ಯಾಲ ಹೊಲಿಗಿ ಬಿಡ್ತದ. ಬುತ್ತಿ, ಬಾಟ್ಲಿ ಬ್ಯಾರೆ ಬಟ್ಟಿ ಕೈಚೀಲದಾಗ ಹಾಕ್ರಿ. ಬ್ಯಾಗಿಗಿ ಎರಡು ಕೆ.ಜಿ. ಒಳಗ ಇದ್ರ ಹತ್ತು ವರ್ಷದ ಮಾತಾಡಬಹುದು.

ನೆವರ್‌ಫುಲ್ 2007ರಾಗ ಬಂದದ್ದು. ಅದರ ಮೈ ತೊಗಲಲ್ಲ, ಮ್ಯಾಲ ಪಿವಿಸಿ ಲೇಪ ಕೊಟ್ಟ ಹತ್ತಿ ಕ್ಯಾನ್ವಾಸ್. ಹಿಂಗಾಗಿ ಧೂಳಿಗಿ, ಮಳಿಗಿ ಭಾಳ ಛಲೋ, ಒದ್ದಿ ಬಟ್ಟಿಲಿಂದ ಒರಸಿದ್ರ ಹೋಯ್ತು. ಎಂಎಂ ಸುಮಾರು 31 ಸೆಂ.ಮೀ. ಅಗಲ, 28 ಎತ್ತರ, 14 ದಪ್ಪ. 13 ಇಂಚಿನ ಲ್ಯಾಪ್‌ಟಾಪ್ ಬಿಗಿಯಾಗಿ ಕೂಡ್ತದ.

ಮೊನೊಗ್ರಾಮ್ ಮತ್ತ ಡಾಮಿಯೆ ಎಬೆನ್ (ಕಂದು ಚೌಕಳಿದು) ನಡುವ ಫರಕ್ ಇರೋದು ಪಟ್ಟಿ, ಅಂಚಿನ ತೊಗಲಿನಾಗ. ಮೊನೊಗ್ರಾಮಿಗಿ ಹಾಕೋದು ವಾಕೆಟ್ಟಾ, ಬಣ್ಣ ಕೊಡದ, ಮ್ಯಾಲ ಲೇಪ ಇಲ್ಲದ ತೊಗಲು. ಬಿಸಿಲು ಬಿದ್ದಷ್ಟು ಜೇನಿನ ಬಣ್ಣಕ್ಕ ತಿರುಗ್ತದ. ನಿಧಾನ, ಸಮನಾಗಿ ತಿರುಗಿದ್ರ ಅದು ಚಂದ. ಇಲ್ಲಿ ಹಂಗ ಆಗೋದಿಲ್ಲ. ಬಸ್ಸಿನ ಕಿಡಕಿ ಕಡಿ ಇದ್ದ ಮಗ್ಗಲು ಕರ್ರಗ, ಇನ್ನೊಂದು ಮಗ್ಗಲು ಬೆಳ್ಳಗ. ಒಂದು ಹನಿ ಮಳಿ ಬಿದ್ರ ಗುಂಡಗ ಕಲಿ ನಿಲ್ತದ. ತಲಿಗಿ ಕೊಬ್ಬರಿ ಎಣ್ಣಿ ಹಚ್ಚಿದ ಕೈಲೆ ದಿನಾ ಹಿಡಿದ್ರ ಕೈ ಮುಟ್ಟಿದಷ್ಟೇ ಜಾಗ ಆರು ತಿಂಗಳದಾಗ ಕಪ್ಪ ಹಿಡೀತದ, ತೊಳದು ತೆಗಿಯೋ ಹಂಗಿಲ್ಲ. ಡಾಮಿಯೆ ಎಬೆನ್‌ನ ಪಟ್ಟಿ ಕಂದು ಬಣ್ಣ ಕೊಟ್ಟು ಹದ ಮಾಡಿದ್ದು, ಇವೆಲ್ಲಾ ಅದಕ್ಕ ತಾಗೋದು ಕಡಿಮಿ. ಕಲಬುರಗಿಗಿ ಎಬೆನ್ನೇ ತಗೋರಿ. ಅಝೂರ್ ಅನ್ನೋ ತಿಳಿ ಬಣ್ಣದ್ದು ಬ್ಯಾಡ್ರಿ, ವಾಕೆಟ್ಟಾ ಅದಕ್ಕೂ ಅದ, ಮ್ಯಾಲ ಹೊಸ ಸೀರಿ ಬಣ್ಣ ಹತ್ತಿದ್ರ ಬಿಡೋದಿಲ್ಲ.

ಒಂದೇ ಕೊರತಿ: ಬಾಯಿಗಿ ಜಿಪ್ ಇಲ್ಲ, ನಡುವ ಒಂದು ಕೊಂಡಿ ಅಷ್ಟೇ. ತುಂಬಿದ ಬಸ್ಸಿನಾಗ ಮೊಬೈಲ್, ಪರ್ಸು ಎರಡೂ ಬ್ಯಾಗಿನ ಒಳಗಿನ ಜಿಪ್ ಖಾನೆದಾಗೇ ಇರಲಿ. ಮಗ್ಗಲಿನ ದಾರ ಎಳದು ಬಾಯಿ ಸಣ್ಣ ಮಾಡೋದು ರೂಢಿ ಮಾಡ್ಕೋಬ್ಯಾಡ್ರಿ, ಮಡಚಿದ ಗೆರಿ ಮ್ಯಾಲೇ ಕ್ಯಾನ್ವಾಸ್ ಸೀಳ್ತದ. ಪಟ್ಟಿ, ಅಂಚು ಕಂಪನಿಯವರು ಬದಲಿಸಿ ಕೊಡ್ತಾರ, ಸೀಳಿದ ಕ್ಯಾನ್ವಾಸಿಗಿ ರಿಪೇರಿ ಇಲ್ಲ.

ಬೀದರ್_ಕೋಟೆ:
ಮೇಲಿನ ಮಾತು ಒಪ್ಪುವಂಥದ್ದೇ. ಆದರೆ ಜಿಪ್ ಇಲ್ಲದ ಬ್ಯಾಗನ್ನು ದಿನವೂ ಬಸ್ಸಿಗೆ ಒಯ್ಯುವುದು ನನಗೆ ಸರಿ ಕಾಣುವುದಿಲ್ಲ. ನಿಜವಾದ ಚರ್ಮದ್ದೇ ಬೇಕೆಂದರೆ ಎರಡು ದಾರಿಗಳಿವೆ.

ಸಫಿಯಾನೊ ಎಂದರೆ ಕರುವಿನ ಚರ್ಮದ ಮೇಲೆ ಓರೆ ಗೆರೆಗಳ ಅಚ್ಚು ಒತ್ತಿ, ಮೇಲೆ ಲೇಪ ಕೊಟ್ಟದ್ದು. ಉಗುರು, ಚಾವಿ ತಾಗಿದರೆ ಗೀರು ಬೀಳುವುದು ಅಪರೂಪ, ನೀರು ಒಳಗೆ ಹೋಗದೆ ಜಾರಿ ಹೋಗುತ್ತದೆ. ಆದರೆ ಅದು ಬಾಗುವ ಚರ್ಮವಲ್ಲ. ಮೂಲೆಯಲ್ಲಿ ಒಮ್ಮೆ ಲೇಪ ಸವೆದರೆ ಎಣ್ಣೆ, ಕ್ರೀಮು ಹಚ್ಚಿದರೆ ಸರಿಹೋಗುವುದಿಲ್ಲ, ಬಣ್ಣ ಹಚ್ಚಿ ಮುಚ್ಚಬೇಕಷ್ಟೆ. ಇನ್ನೊಂದು ಕಾಳುಕಾಳು ಮೈಯ ದಪ್ಪ ಚರ್ಮ, ಪೆಬಲ್ಡ್ ಅನ್ನುತ್ತಾರೆ. ಕೋಚ್‌ನಲ್ಲಿ ಬಹಳ ಸಿಗುತ್ತದೆ, ನಿಮ್ಮ ಬಜೆಟ್‌ನ ಅರ್ಧವೂ ಬೇಕಾಗುವುದಿಲ್ಲ. ಗೀರು ಬಿದ್ದರೂ ಕಾಳಿನ ನಡುವೆ ಅಡಗುತ್ತದೆ, ಕ್ರೀಮು ಹಚ್ಚಿದರೆ ಕುಡಿಯುತ್ತದೆ, ಬಿಸಿಲಿಗೆ ಒಣಗಿದರೂ ಮತ್ತೆ ಹದಕ್ಕೆ ಬರುತ್ತದೆ. ನನ್ನ ಓಟು ಇದಕ್ಕೆ, ಮೇಲೆ ಪೂರ್ತಿ ಜಿಪ್ ಇದ್ದರೆ. ಕುರಿಮರಿ ಚರ್ಮ, ಸ್ವೇಡ್ (ನವಿರು ಎಬ್ಬಿಸಿದ ಚರ್ಮ) ಎರಡರ ಹತ್ತಿರವೂ ಹೋಗಬೇಡಿ. ಸ್ವೇಡಿನ ನವಿರಿನೊಳಗೆ ನಮ್ಮ ಧೂಳು ಕೂತರೆ ಏಳುವುದಿಲ್ಲ.

ಸೀರೆ ಉಡುವವರು ಪಟ್ಟಿ ನೋಡಿ ಕೊಳ್ಳಬೇಕು. ಸರಪಳಿ ಪಟ್ಟಿಯ ಕೊಂಡಿಗಳ ಸಂದಿಗೆ ಸೆರಗಿನ ಎಳೆ ಸಿಕ್ಕಿ ಕಿತ್ತು ಬರುತ್ತದೆ, ಜರಿ ಇದ್ದರಂತೂ ಕೇಳಬೇಡಿ. ಸುತ್ತಿ ಹೊಲಿದ ದುಂಡನೆ ಹಿಡಿಕೆ ರೇಷ್ಮೆ ಮೇಲೆ ನಿಲ್ಲದೆ ಜಾರುತ್ತದೆ. ಎರಡರಿಂದ ಎರಡೂವರೆ ಸೆಂ.ಮೀ. ಅಗಲದ ಚಪ್ಪಟೆ ಪಟ್ಟಿ ಭುಜಕ್ಕೆ ಕೂರುತ್ತದೆ, ಭಾರವೂ ಹಂಚಿಹೋಗುತ್ತದೆ. ಅಂಗಡಿಯಲ್ಲಿ ತಳ ತಿರುಗಿಸಿ ನೋಡಿ: ನಾಲ್ಕು ಲೋಹದ ಗುಬ್ಬಿ (ಗುಂಡಿಯಂಥ ಕಾಲು) ಇದ್ದರೆ ಬಸ್ಸಿನ ನೆಲದ ಎರೆ ಕೆಸರು ಚರ್ಮಕ್ಕೆ ತಾಗುವುದಿಲ್ಲ. ಜಿಪ್ ಹತ್ತು ಸಲ ಎಳೆದು ನೋಡಿ, ಮೂಲೆಯಲ್ಲಿ ತಿರುಗುವಾಗ ತಡೆಯಬಾರದು.

ಆಳಂದ_ರಸ್ತೆ:
ಭಾಳ ಉಪಕಾರ ಆಯ್ತ್ರಿ ಇಬ್ಬರಿಗೂ. ಬುತ್ತಿ ಬ್ಯಾರೆ ಮಾಡ್ತೀನಿ. ಆದ್ರೂ ಎಂದಾದ್ರೂ ಎಣ್ಣಿಗಾಯಿ ಪಲ್ಯದ ಎಣ್ಣಿ ತಾಗೇ ಬಿಟ್ರ ಏನು ಮಾಡಬೇಕು? ಬ್ಯಾಸಿಗಿ ಸೂಟಿಯಾಗ ಎರಡು ತಿಂಗಳು ಕಪಾಟಿನಾಗ ಇಡೋದು ಹ್ಯಾಂಗ?

ತೊಗಲಿನ_ಕೆಲಸ:
ತೊಗಲಿಗಿ ಎಣ್ಣಿ ತಾಗಿದ್ರ ನೀರು ಮುಟ್ಟಿಸಬ್ಯಾಡ್ರಿ, ತಿಕ್ಕಬ್ಯಾಡ್ರಿ. ಒಣಾ ಹತ್ತಿ ಬಟ್ಟಿ ಒತ್ತಿ ಹಿಡದು ಮ್ಯಾಲಿನ ಎಣ್ಣಿ ತೆಗೀರಿ. ಆಮ್ಯಾಲ ಕಾರ್ನ್‌ಫ್ಲೋರ್ ಇಲ್ಲಾ ಟಾಲ್ಕಂ ಪೌಡರ್ ಕಲಿ ಮುಚ್ಚುವಷ್ಟು ದಪ್ಪಗ ಹಾಕಿ ಇಡೀ ರಾತ್ರಿ ಬಿಡ್ರಿ. ಮುಂಜಾನಿ ಮೆತ್ತನ ಬ್ರಶ್‌ಲಿಂದ ಝಾಡಿಸ್ರಿ. ಉಳಿದಿದ್ರ ಇನ್ನೊಮ್ಮೆ. ಕ್ಯಾನ್ವಾಸಿಗಿ ಇಷ್ಟೆಲ್ಲಾ ಬೇಕಾಗಿಲ್ಲ, ಮೃದು ಸೋಪಿನ ನೀರಿನಾಗ ಅದ್ದಿ ಹಿಂಡಿದ ಬಟ್ಟಿ ಸಾಕು. ಸ್ಯಾನಿಟೈಸರ್ ಮಾತ್ರ ಯಾವುದಕ್ಕೂ ಬ್ಯಾಡ, ಅದರ ಆಲ್ಕೋಹಾಲ್ ಬಣ್ಣನೂ ಲೇಪನೂ ಎಬ್ಬಿಸ್ತದ. ಅದರ ಬಾಟ್ಲಿ ಬ್ಯಾಗಿನಾಗ ಸೋರೋದೇ ಹೆಚ್ಚು, ಮುಚ್ಚಳ ನೋಡಿ ಇಡ್ರಿ.

ಕಪಾಟಿನಾಗ ಇಡುವಾಗ ಒಳಗ ಹಳಿ ಧೋತ್ರದ ತುಂಡು ತುಂಬ್ರಿ. ಪೇಪರ್ ತುಂಬಿದ್ರ ಅದರ ಮಸಿ ಅಸ್ತರಿಗಿ ಹತ್ತತದ. ಹತ್ತಿ ಚೀಲದಾಗ ಹಾಕ್ರಿ, ಪ್ಲಾಸ್ಟಿಕ್ ಬ್ಯಾಡೇ ಬ್ಯಾಡ. 42 ಡಿಗ್ರಿ ಕಾವಿನಾಗ ಗಾಳಿ ಆಡದಿದ್ರ ಅಂಚಿನ ಬಣ್ಣ ಕರಗಿ ಅಂಟಂಟ ಆಗ್ತದ, ಎರಡು ಪಟ್ಟಿ ಒಂದಕ್ಕೊಂದು ಹತ್ತಿ ಕೂಡ್ತಾವ, ಬಿಡಿಸಿದ್ರ ಬಣ್ಣ ಸುಲೀತದ. ಪಟ್ಟಿ ನಡುವ ಬಟ್ಟಿ ಇಟ್ಟು ಮಲಗಿಸ್ರಿ. ನಿಲ್ಲಿಸಿದ ಕಾರಿನಾಗ ಬಿಡೋದೂ ಇದೇ ಕಾರಣಕ್ಕ ಬ್ಯಾಡ. ಸಿಲಿಕಾ ಜೆಲ್ ಪುಡಿಕಿ ಮಳಿಗಾಲದಾಗ ಬೂಸಿನ ಸಲುವಾಗಿ ಎರಡು ಇಡ್ರಿ, ಬ್ಯಾಸಿಗಿಗಿ ತೆಗೀರಿ. ಮೊದಲೇ ಒಣಾ ಹವಾ, ಅದರಾಗ ಜೆಲ್ ಇಟ್ರ ತೊಗಲು ಬಿರೀತದ. ಪೆಬಲ್ಡ್ ತಗೊಂಡ್ರ ಮೂರು ತಿಂಗಳಿಗೊಮ್ಮೆ ಬಟಾಣಿ ಕಾಳಿನಷ್ಟು ಕಂಡೀಷನರ್ ತಳದಾಗ ಹಚ್ಚಿ ನೋಡಿ, ಬಣ್ಣ ಬದಲಾಗದಿದ್ರ ಎಲ್ಲಾ ಕಡಿ ಹಚ್ರಿ. ಬೂಟ್ ಪಾಲಿಶ್ ಹಚ್ಚಿದ್ರ ಸೀರಿಗಿ ಬಣ್ಣ ಬರ್ತದ.

ಹಳೇ_ಮಾಲು_ನೋಡುವವ:
ಸೆಕೆಂಡ್ ಹ್ಯಾಂಡ್ ಅಂದ್ರಲ್ಲ, ಅದಕ್ಕೆ ಮಾತ್ರ ಹೇಳುತ್ತೇನೆ. ಲೂಯಿ ವಿಟಾನ್ 2021ರ ಮಾರ್ಚ್‌ನಿಂದ ಬ್ಯಾಗಿನೊಳಗೆ ಡೇಟ್ ಕೋಡ್ (ಎಲ್ಲಿ, ಯಾವಾಗ ತಯಾರಾಯಿತು ಎಂಬ ಗುರುತು) ಒತ್ತುವುದನ್ನು ನಿಲ್ಲಿಸಿ ಚಿಪ್ ಇಡುತ್ತಿದೆ. "2023ರ ಮಾಲು, ಡೇಟ್ ಕೋಡ್ ಇದೆ ನೋಡಿ" ಎಂದು ಯಾರಾದರೂ ತೋರಿಸಿದರೆ ಅಲ್ಲಿಗೇ ಬಿಟ್ಟುಬಿಡಿ. ಹಳೆಯದರಲ್ಲಿ ಕೋಡ್ ಇದ್ದ ಮಾತ್ರಕ್ಕೆ ಅಸಲಿಯೂ ಅಲ್ಲ, ನಕಲಿ ಮಾಡುವವರೂ ಒತ್ತುತ್ತಾರೆ. ಈ ಕಂಪನಿ ಸೇಲ್ ಹಾಕುವುದಿಲ್ಲ, ಔಟ್‌ಲೆಟ್ ಅಂಗಡಿಯೂ ಇಲ್ಲ, ಹಾಗಾಗಿ "ಕಂಪನಿ ಡಿಸ್ಕೌಂಟ್" ಎಂಬ ಮಾತೇ ಸುಳ್ಳು. ಫೋಟೋ ಕೇಳುವಾಗ ಐದು ಜಾಗ ಕೇಳಿ: ನಾಲ್ಕೂ ಮೂಲೆ, ಪಟ್ಟಿಯ ಬುಡ, ಬಾಯಿಯ ಅಂಚು, ಒಳ ಅಸ್ತರು, ಮಗ್ಗಲಿನ ಮಡಿಕೆ. ಪಟ್ಟಿ ಬುಡದ ಕ್ಯಾನ್ವಾಸಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬೇಡ, ಭಾರ ಬಿದ್ದಂತೆ ಅದು ಉದ್ದವಾಗುತ್ತಲೇ ಹೋಗುತ್ತದೆ. ಹೊಸದನ್ನೇ ಕೊಳ್ಳುವುದಾದರೆ ಬೆಂಗಳೂರಿನ ಯುಬಿ ಸಿಟಿ ಅಂಗಡಿಗೆ ನಿಮ್ಮ ಲ್ಯಾಪ್‌ಟಾಪ್, ಛತ್ರಿ ಒಯ್ಯಿರಿ. ಒಳಗೆ ಹಾಕಿ, ಸೀರೆಯುಟ್ಟ ಭುಜಕ್ಕೆ ಹಾಕಿ ಹತ್ತು ನಿಮಿಷ ನಿಂತು ನೋಡಿ.