ಸುಡದ ಗ್ಯಾಸಿಗೂ ಬಿಲ್ ಕಟ್ಟಬೇಕಾ? ಈ ಪೈಪ್‌ಲೈನ್‌ಗೆ ದುಡ್ಡು ಹಾಕೋದು ಯಾರು?

ವಿನೋಬನಗರ ಬೇಕರಿ:
ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮದೊಂದು ಸಣ್ಣ ಬೇಕರಿ ಇದೆ. ಓವನ್ ಓಡುವುದು 19 ಕೆಜಿ ಸಿಲಿಂಡರಿನಲ್ಲಿ. ಮೊನ್ನೆ ಗ್ಯಾಸ್ ಕಂಪನಿ ಕಡೆಯ ಹುಡುಗ ಬಂದು, ಪೈಪ್ ಬರುತ್ತೆ, ಸಹಿ ಹಾಕಿಡಿ ಅಂತ ಅಗ್ರಿಮೆಂಟ್ ಕೊಟ್ಟು ಹೋದ. ಮೂರನೇ ಪುಟದಲ್ಲಿ ಒಂದು ಸಾಲು ಇದೆ. ತಿಂಗಳಿಗೆ ಕನಿಷ್ಠ ಇಷ್ಟು ಗ್ಯಾಸ್ ತೆಗೆದುಕೊಳ್ಳಬೇಕು, ತೆಗೆದುಕೊಳ್ಳದಿದ್ದರೂ ಅಷ್ಟಕ್ಕೆ ಬಿಲ್. ಆಷಾಢದಲ್ಲಿ ನಮಗೆ ಕೇಕ್ ಆರ್ಡರೇ ಇರುವುದಿಲ್ಲ. ಸುಡದ ಗ್ಯಾಸಿಗೆ ನಾನ್ಯಾಕೆ ದುಡ್ಡು ಕೊಡಬೇಕು?

ಇನ್ನೊಂದು. ಬಡ ದೇಶಗಳ ಗ್ಯಾಸ್ ಯೋಜನೆಗೆ ವಿಶ್ವಬ್ಯಾಂಕ್ ಸಾಲ ನಿಲ್ಲಿಸಿದೆ ಅಂತ ಓದಿದ್ದೆ. ಹಾಗಾದರೆ ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತೆ?

ತೀರ್ಥಹಳ್ಳಿ ಕಡೆಯವ:
ಮಾರಾಯ್ರೆ, ನೀವು ಬೆರಳಿಟ್ಟ ಆ ಸಾಲಿನ ಮೇಲೇ ಇಡೀ ವ್ಯವಹಾರ ನಿಂತಿದೆ. ನಾನು ಮುಂಬೈಯ ಒಂದು ಬ್ಯಾಂಕಿನಲ್ಲಿ ಪ್ರಾಜೆಕ್ಟ್ ಸಾಲದ ಫೈಲ್ ನೋಡುತ್ತಿದ್ದವನು. ಈಗ ಊರಲ್ಲಿ ತೋಟ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಲಾರಿಗೆ ಸಾಲ ಕೊಟ್ಟರೆ, ಕಂತು ತಪ್ಪಿದಾಗ ಲಾರಿ ಎಳೆದು ತರಬಹುದು. ನೆಲದಡಿ ಹೂತ ಪೈಪ್ ಕಿತ್ತು ಯಾರಿಗೆ ಮಾರೋದು? ಹಾಗಾಗಿ ಬ್ಯಾಂಕಿನವರು ಪೈಪ್ ನೋಡುವುದಿಲ್ಲ. ಹದಿನೈದು ಇಪ್ಪತ್ತು ವರ್ಷ ಕೊಳ್ಳುತ್ತೇನೆ ಅಂತ ಸಹಿ ಹಾಕಿದವರು ಯಾರು, ಅವರ ಕೈಲಿ ದುಡ್ಡಿದೆಯಾ, ಇಷ್ಟೇ ನೋಡುವುದು. ನೀವು ಬೆರಳಿಟ್ಟ ಸಾಲನ್ನೇ ಟೇಕ್ ಆರ್ ಪೇ ಅನ್ನುತ್ತಾರೆ, ತೆಗೆದುಕೋ ಇಲ್ಲವೇ ದುಡ್ಡು ಕೊಡು ಅಂತ. ಕತಾರ್‌ನಿಂದ ಹಡಗಿನಲ್ಲಿ ಗ್ಯಾಸ್ ತರಿಸುವ ನಮ್ಮ ದೇಶದ ಪೆಟ್ರೋನೆಟ್ ಕಂಪನಿಗೂ ಅದೇ ಷರತ್ತು, ನಿಮ್ಮ ಓವನ್ನಿಗೂ ಅದೇ.

ಆದರೆ ಷರತ್ತು ಎಲ್ಲರಿಗೂ ಒಂದೇ ಥರ ಕಚ್ಚುವುದಿಲ್ಲ. 2015ರಲ್ಲಿ ಹೊರಗೆ ಗ್ಯಾಸ್ ಅಗ್ಗವಾದಾಗ ಪೆಟ್ರೋನೆಟ್ ಕತಾರ್‌ನಿಂದ ಕಡಿಮೆ ಕೊಂಡಿತು. ಸುಮಾರು 12,000 ಕೋಟಿ ರೂಪಾಯಿ ದಂಡ ಬೀಳಬೇಕಿತ್ತು. ಕೂತು ಮಾತಾಡಿದರು. ಕತಾರ್ ದಂಡ ಬಿಟ್ಟಿತು, ಬೆಲೆಯ ಲೆಕ್ಕವನ್ನೂ ಬದಲಿಸಿತು. ದೊಡ್ಡ ಗಿರಾಕಿ, ಬಿಡೋಕಾಗುತ್ತಾ?

ಘಾನಾಕ್ಕೆ ಆ ಭಾಗ್ಯ ಇರಲಿಲ್ಲ. ಅಲ್ಲಿನ ಸಾಂಕೋಫಾ ಸಮುದ್ರ ಗ್ಯಾಸ್ ಯೋಜನೆಗೆ 2015ರಲ್ಲಿ ವಿಶ್ವಬ್ಯಾಂಕ್ 70 ಕೋಟಿ ಡಾಲರ್ ಗ್ಯಾರಂಟಿ ನಿಂತಿತು. ಆ ಧೈರ್ಯದ ಮೇಲೆ ಖಾಸಗಿಯವರು ದುಡ್ಡು ಹಾಕಿದರು. ಗ್ಯಾಸ್ ಬಂತು, ಆದರೆ ದೇಶದ ಪಶ್ಚಿಮ ದಡಕ್ಕೆ. ಅದನ್ನು ಉರಿಸಬೇಕಾದ ಬಹಳಷ್ಟು ವಿದ್ಯುತ್ ಸ್ಥಾವರ ಇದ್ದದ್ದು ಪೂರ್ವದ ತೇಮಾದಲ್ಲಿ. ಅಲ್ಲಿಗೆ ಸಾಗಿಸುವ ಏರ್ಪಾಡು ತಡವಾಯಿತು. ಅಷ್ಟೂ ದಿನ ಸುಡದ ಗ್ಯಾಸಿನ ಬಿಲ್ ಸರ್ಕಾರದ ತಲೆ ಮೇಲೆ.

ನಮ್ಮಲ್ಲಿ ಏನು ಕಮ್ಮಿ? ದಾವಣಗೆರೆ, ಚಿತ್ರದುರ್ಗದ ಮೇಲೆ ಬೆಂಗಳೂರಿಗೆ ಹೋಗುವ ದೊಡ್ಡ ಪೈಪ್ ಶುರುವಾಗುವುದು ದಾಬೋಲ್‌ನಿಂದ. ಹೌದು, ಅಮೆರಿಕದ ಎನ್ರಾನ್ ಕಂಪನಿ ವಿದ್ಯುತ್ ಸ್ಥಾವರ ಕಟ್ಟಿದ ಮಹಾರಾಷ್ಟ್ರದ ದಾಬೋಲೇ. ಕರೆಂಟ್ ತೆಗೆದುಕೊಳ್ಳದಿದ್ದರೂ ನಿಗದಿ ಮೊತ್ತ ಕೊಡುತ್ತೇನೆ ಅಂತ ಮಹಾರಾಷ್ಟ್ರ ವಿದ್ಯುತ್ ಮಂಡಳಿ ಡಾಲರ್ ಲೆಕ್ಕದಲ್ಲಿ ಒಪ್ಪಿತ್ತು. 2001ರಲ್ಲಿ ಕೈಯೆತ್ತಿತು. ಸಾಲ ಕೊಟ್ಟ ನಮ್ಮ ಬ್ಯಾಂಕುಗಳು ವರ್ಷಗಟ್ಟಲೆ ತಲೆ ಮೇಲೆ ಕೈ ಹೊತ್ತು ಕೂತವು. ಕೊಚ್ಚಿಯಲ್ಲಿ ಎಲ್‌ಎನ್‌ಜಿ, ಅಂದರೆ ತಣಿಸಿ ದ್ರವ ಮಾಡಿದ ಗ್ಯಾಸ್, ಹಡಗಿನಿಂದ ಇಳಿಸುವ ಟರ್ಮಿನಲ್ 2013ರಲ್ಲೇ ತಯಾರಿತ್ತು. ಅಲ್ಲಿಂದ ಮಂಗಳೂರಿಗೆ 450 ಕಿಮೀ ಪೈಪ್ ಉದ್ಘಾಟನೆ ಆಗಿದ್ದು 2021ರಲ್ಲಿ. ಗ್ಯಾಸ್ ಹೋಗದಿದ್ದರೂ ಬಡ್ಡಿ ಓಡುತ್ತಲೇ ಇರುತ್ತದೆ ಅಲ್ವಾ?

ವಿಶ್ವಬ್ಯಾಂಕ್ 2017ರಲ್ಲಿ ಹೇಳಿದ್ದು, ತೀರಾ ಬಡ ದೇಶಗಳ ಕೆಲವು ಗ್ಯಾಸ್ ಯೋಜನೆ ಬಿಟ್ಟರೆ, ನೆಲದಿಂದ ತೈಲ ಮತ್ತು ಗ್ಯಾಸ್ ಎತ್ತುವ ಕೆಲಸಕ್ಕೆ 2019ರ ನಂತರ ದುಡ್ಡಿಲ್ಲ ಅಂತ. ಪೈಪ್‌ಗೆ ಅಂತ ಹೇಳಲಿಲ್ಲ. ನಮ್ಮಲ್ಲಿ ಹೇಗೂ ಸರ್ಕಾರಿ ಕಂಪನಿಗಳು, ದೇಶಿ ಬ್ಯಾಂಕುಗಳೇ ಜಾಸ್ತಿ. ಲೆಕ್ಕ ಕೂಡದ ಕಡೆ ಕೇಂದ್ರದ ಅನುದಾನ. ಜಗದೀಶ್‌ಪುರ-ಹಲ್ದಿಯಾ ಪೈಪ್‌ಲೈನ್‌ಗೆ 40%, ಈಶಾನ್ಯ ರಾಜ್ಯಗಳ ಗ್ಯಾಸ್ ಪೈಪ್ ಜಾಲಕ್ಕೆ 60%, ಅಂದರೆ 9,265 ಕೋಟಿಯಲ್ಲಿ 5,559 ಕೋಟಿ.

ಸಾಗರದ ಅಡಿಕೆ:
ಅಣ್ಣ, ಈಶಾನ್ಯಕ್ಕೆ ಕೊಟ್ಟಂತೆ ಮಲೆನಾಡಿಗೂ ಕೊಡಲಿ. ಕೊಯ್ಲಿನ ಹೊತ್ತಿಗೆ ಅಡಿಕೆ ಬೇಯಿಸುವ ಹಂಡೆ ಅಡಿ ಎಷ್ಟು ಸೌದೆ ಹೋಗುತ್ತೆ ಗೊತ್ತಲ್ಲ. ಚೊಗರು ಕುದಿಯುವಷ್ಟರಲ್ಲಿ ಒಲೆ ಮುಂದೆ ಕೂತವರ ಕಣ್ಣು ಕೆಂಡ ಆಗಿರುತ್ತೆ.

ತೀರ್ಥಹಳ್ಳಿ ಕಡೆಯವ:
ಗೊತ್ತು, ನಮ್ಮನೆ ಅಂಗಳದಲ್ಲೂ ಅದೇ ಹೊಗೆ. ಆದರೆ ವರ್ಷಕ್ಕೆ ಎರಡು ಮೂರು ತಿಂಗಳು ಉರಿಯುವ ಒಲೆಗೆ, ಮನೆಯಿಂದ ಮನೆಗೆ ಅರ್ಧ ಮೈಲಿ ಇರುವ ಊರಿಗೆ, ಅನುದಾನ ಕೊಟ್ಟರೂ ಪೈಪ್ ಬರುವುದಿಲ್ಲ. ಅದೇ ದುಡ್ಡಲ್ಲಿ ಸೌದೆ ಕಡಿಮೆ ತಿನ್ನುವ ಒಲೆ ಕೊಡಲಿ ಅನ್ನೋದು ನನ್ನ ಅಭಿಪ್ರಾಯ. ಪೈಪ್ ನಡೆಯುವುದು ಮಾಚೇನಹಳ್ಳಿಯ ಕಾರ್ಖಾನೆಗಳಿಗೆ, ಹೋಟೆಲ್, ಬೇಕರಿಗಳಿಗೆ.

ಭದ್ರಾವತಿ ಹುಡುಗ:
ಸರ್, ಇನ್ನೊಂದು ಮಗ್ಗುಲೂ ಹೇಳಿ. ಕೊಳ್ಳುವವನು ಬಿಟ್ಟರೆ ದಂಡ ಸರಿ, ಕೊಡುವವನು ಕೈಕೊಟ್ಟರೆ? 2022ರ ಆಗಸ್ಟ್‌ನಲ್ಲಿ ಏಷ್ಯಾದ ಎಲ್‌ಎನ್‌ಜಿ ಬೆಲೆ ಒಂದು ಎಂಎಂಬಿಟಿಯುಗೆ (ಶಾಖದ ಲೆಕ್ಕದಲ್ಲಿ ಗ್ಯಾಸ್ ಅಳೆಯುವ ಮಾನ) 70 ಡಾಲರ್ ಹತ್ತಿರ ಹೋಗಿತ್ತು. ಹಡಗುಗಳು ಯುರೋಪಿನ ಕಡೆ ತಿರುಗಿದವು. ಪಾಕಿಸ್ತಾನಕ್ಕೆ ಕರಾರು ಮಾಡಿಕೊಂಡಿದ್ದವರೇ ಕೆಲವು ಹಡಗು ಕಳಿಸಲಿಲ್ಲ. ಕರೆಂಟ್ ಇಲ್ಲದೆ ಒದ್ದಾಡಿದ್ದು ಅಲ್ಲಿನ ಜನ.

ತೀರ್ಥಹಳ್ಳಿ ಕಡೆಯವ:
ಒಳ್ಳೆ ಮಾತು ತೆಗೆದೆ ತಮ್ಮಾ. ಬೇಕರಿಯವರೇ, ಇದನ್ನೇ ಕೇಳಿ. ಅವರು ಗ್ಯಾಸ್ ಕೊಡದ ದಿನಕ್ಕೆ ನಿಮ್ಮ ಕನಿಷ್ಠ ಲೆಕ್ಕ ಕಮ್ಮಿ ಆಗುತ್ತಾ? ತಿಂಗಳ ಬದಲು ವರ್ಷದ ಲೆಕ್ಕ ಹಾಕುತ್ತಾರಾ? ಹಾಕಿದರೆ ಆಷಾಢದ ಕೊರತೆ ಡಿಸೆಂಬರ್ ಕೇಕಿನಲ್ಲಿ ತುಂಬುತ್ತದೆ. ನಿಮ್ಮ ಬೀದಿಯ ಹೋಟೆಲ್‌ನವರನ್ನೂ ಕಟ್ಟಿಕೊಂಡು ಹೋಗಿ, ಒಬ್ಬರೇ ಹೋದರೆ ಫಾರಂ ಹೀಗೇ ಇರೋದು ಅನ್ನುತ್ತಾರೆ.

ವಿನೋಬನಗರ ಬೇಕರಿ:
ಪಕ್ಕದ ದರ್ಶಿನಿಯವರಿಗೂ ಅದೇ ಫಾರಂ ಕೊಟ್ಟಿದ್ದಾರಂತೆ. ಒಟ್ಟಿಗೇ ಹೋಗುತ್ತೇವೆ. ಅಂದಹಾಗೆ ಓವನ್ ಬರ್ನರಿನ ಜೆಟ್ ಬದಲಿಸಬೇಕಂತೆ, ಹೌದಾ?

ಭದ್ರಾವತಿ ಹುಡುಗ:
ಹೌದು ಸರ್. ಸಿಲಿಂಡರಿನ ಎಲ್‌ಪಿಜಿಗೆ ಹಾಕಿದ ಜೆಟ್‌ನ ತೂತು ಪೈಪ್ ಗ್ಯಾಸಿಗೆ ಸಣ್ಣದಾಗುತ್ತೆ, ಉರಿ ಸಾಲುವುದಿಲ್ಲ. ಆ ಖರ್ಚು ಯಾರದು ಅಂತ ಸಹಿಗೆ ಮುಂಚೆನೇ ಬರೆಸಿಕೊಳ್ಳಿ. ಹಳೇ ಜೆಟ್ ಎಸೆಯಬೇಡಿ, ಪೈಪ್ ನಿಂತ ದಿನ ಸಿಲಿಂಡರ್‌ಗೆ ಬೇಕಾಗುತ್ತೆ.