ಮೂತ್ರಕೋಶದ ‘ಸೋಂಕು’, ‘ಉರಿಮೂತ್ರ’, ‘ಉರಿಯೂತ’: ಯಾವುದು ಸರಿ?

ಗೆಳೆಯರೇ, ನಮಸ್ಕಾರ.

ಇಯೊಸಿನೋಫಿಲಿಕ್ ಸಿಸ್ಟೈಟಿಸ್ (ಒಂದು ಬಗೆಯ ಬಿಳಿ ರಕ್ತಕಣ ಮೂತ್ರಕೋಶದ ಗೋಡೆಗೆ ಸೇರಿಕೊಂಡು ಆಗುವ ಕಾಯಿಲೆ) ಬಗ್ಗೆ ರೋಗಿಗಳ ಮನೆಯವರಿಗಾಗಿ ಒಂದು ಪುಟದ ಮಾಹಿತಿ ಬರೆಯುತ್ತಿದ್ದೇನೆ. ಹೆಸರಿನ ಹತ್ತಿರವೇ ಸಿಕ್ಕಿಕೊಂಡಿದ್ದೇನೆ, ನಿಮ್ಮ ನೆರವು ಬೇಕು.

ಇಯೊಸಿನೋಫಿಲ್ ಒಂದು ಬಗೆಯ ಬಿಳಿ ರಕ್ತಕಣ. ಅಲರ್ಜಿ ಆದಾಗ, ಹೊಟ್ಟೆಯಲ್ಲಿ ಹುಳು ಇದ್ದಾಗ ಜಾಸ್ತಿಯಾಗುತ್ತದೆ. ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕಡಿಮೆ ಇರುತ್ತದೆ. ಹೈಪರ್‌ಇಯೊಸಿನೋಫಿಲಿಕ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯಲ್ಲಿ ಅದು 1,500 ದಾಟಿ ಇಳಿಯದೆ ನಿಲ್ಲುತ್ತದೆ. ಆ ಕಣಗಳು ಚರ್ಮ, ಶ್ವಾಸಕೋಶ, ಹೃದಯಕ್ಕೆ ನುಗ್ಗುತ್ತವೆ. ಎಲ್ಲೋ ಕೆಲವರಲ್ಲಿ ಮೂತ್ರಕೋಶದ ಗೋಡೆಗೂ ಸೇರಿಕೊಂಡು ಅದನ್ನು ದಪ್ಪ ಮಾಡುತ್ತವೆ. ಆಗ ಪದೇ ಪದೇ ಮೂತ್ರಕ್ಕೆ ಅವಸರ, ಹೋದರೆ ಉರಿ, ಕಿಬ್ಬೊಟ್ಟೆ ನೋವು, ಕೆಲವೊಮ್ಮೆ ರಕ್ತ. ಇದು ಇಯೊಸಿನೋಫಿಲಿಕ್ ಸಿಸ್ಟೈಟಿಸೇ ಅಂತ ಖಚಿತವಾಗುವುದು ಬಯಾಪ್ಸಿಯಲ್ಲಿ, ಅಂದರೆ ಮೂತ್ರಕೋಶದ ಗೋಡೆಯ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆಯಲ್ಲಿ.

ಸಿಸ್ಟೈಟಿಸ್ ಅಂದ ಕೂಡಲೇ ನಾವು ‘ಮೂತ್ರದ ಸೋಂಕು’ ಅಂತ ಬರೆದುಬಿಡುತ್ತೇವೆ. ಇಲ್ಲಿ ಅದು ತಪ್ಪು. ಮೂತ್ರದಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ರೋಗಾಣು ಸಿಗುವುದಿಲ್ಲ, ಹೆಚ್ಚಾಗಿ ಕೊಡುವುದು ಸ್ಟೀರಾಯ್ಡ್ ಮಾತ್ರೆ. ‘ಸೋಂಕು’ ಅಂತ ಓದಿದವರು ‘ಸೋಂಕಿಗೆ ಸ್ಟೀರಾಯ್ಡ್ ಯಾಕೆ’ ಅಂತ ಹೆದರಿ ಮಾತ್ರೆ ನಿಲ್ಲಿಸಿದರೆ? ಸ್ಟೀರಾಯ್ಡನ್ನು ಹಾಗೆ ತಟ್ಟನೆ ನಿಲ್ಲಿಸುವುದು ಅಪಾಯ. ನನಗೆ ದೊಡ್ಡ ಚಿಂತೆ ಇದೇ.

‘ಉರಿಮೂತ್ರ’ ಎಲ್ಲರಿಗೂ ಗೊತ್ತು. ಆದರೆ ಅದು ಲಕ್ಷಣದ ಹೆಸರು. ಕೇಳಿದವರು ‘ಉಷ್ಣ ಆಗಿರಬೇಕು’ ಅಂತ ಎಳನೀರು, ಬಾರ್ಲಿ ನೀರು ಕುಡಿಸಿ ಸುಮ್ನೆ ಇದ್ದುಬಿಡುತ್ತಾರೆ.

ಹಾಗಾಗಿ ‘ಉರಿಯೂತ’ವೇ ಸರಿ ಅನ್ನಿಸುತ್ತದೆ. ಉರಿಯೂ ಇದೆ, ಊತವೂ ಇದೆ, ರೋಗಾಣುವಿನ ಮಾತಿಲ್ಲ. ಆದರೆ ಊತ ಅಂದರೆ ಜನ ಕಾಲು ಊದಿದ ಹಾಗೆ ಕಣ್ಣಿಗೆ ಕಾಣುವುದು ಅಂದುಕೊಳ್ಳುತ್ತಾರಲ್ವಾ?

ಇನ್ನೊಂದು, ಹೈಪರ್‌ಇಯೊಸಿನೋಫಿಲಿಕ್ ಸಿಂಡ್ರೋಮನ್ನು ‘ರಕ್ತದ ಕಾಯಿಲೆ’ ಅಂದರೆ ಹಲವರಿಗೆ ಕೇಳಿಸುವುದು ಕ್ಯಾನ್ಸರ್. ಈ ಸಿಂಡ್ರೋಮಿನ ಕೆಲವು ಬಗೆಗಳು ನಿಜಕ್ಕೂ ಆ ಗುಂಪಿಗೆ ಸೇರುತ್ತವೆ, ಎಲ್ಲವೂ ಅಲ್ಲ. ಸದ್ಯಕ್ಕೆ ‘ಬಿಳಿ ರಕ್ತಕಣ ಹೆಚ್ಚಾಗುವ ಕಾಯಿಲೆ’ ಅಂತ ಬರೆದಿದ್ದೇನೆ.

ನಿಮ್ಮ ಕಡೆ ಮನೆಯಲ್ಲಿ ‘ಉರಿಯೂತ’ ಅಂದರೆ ಅರ್ಥವಾಗುತ್ತದಾ? ‘ಮೂತ್ರಕೋಶ’ವನ್ನು ಕಿಡ್ನಿ ಅಂದುಕೊಳ್ಳುವವರು ಇದ್ದಾರಾ? ‘ಮೂತ್ರದ ಚೀಲ’ ಅಂತ ಬರೆದರೆ ವಾಸಿಯಾ? ಹಳ್ಳಿಯಲ್ಲಿ ಹಿರಿಯರು ಆಡುವ ಮಾತು ಬೇರೆ ಇದ್ದರೆ, ಊರಿನ ಹೆಸರಿನ ಜೊತೆ ದಯವಿಟ್ಟು ತಿಳಿಸಿ.